ಕುಪ್ಯದ ಮಡಿಕೆ, ಹರಿಯುವ ನೀರು

ಆಗಸ್ಟ್ ತಿಂಗಳ ಒಂದು ಸಂಜೆ ನಾಪೋಕ್ಲು ಕಡೆಯ ಹುಡುಗನೊಬ್ಬ ಮಡಿಕೇರಿಯ ನನ್ನ ಸ್ಟುಡಿಯೋಗೆ ಬಂದ. ಕೊಡೆಯಿಂದ ನೀರು ಸೋರುತ್ತಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಬಿಸ್ಕತ್ ಡಬ್ಬಿ. ಅದರೊಳಗೆ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ನೆಗೆಟಿವ್. ಅವನ ಅಜ್ಜ ಕೊಡವರ ಉದ್ದನೆಯ ಕೋಟು ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಸುತ್ತಿ ಜಗಲಿಯ ಮುಂದೆ ನಿಂತಿದ್ದಾರೆ. ಅದನ್ನು ಎಲ್ಲೋ ಸ್ಕ್ಯಾನ್ ಮಾಡಿಸಿದ್ದನಂತೆ.

"ಅಣ್ಣಾ, ಮುಖ ಚೆನ್ನಾಗಿ ಬಂದಿದೆ. ಆದ್ರೆ ಕುಪ್ಯ ನೋಡಿ, ಇದ್ದಿಲು ಬಳಿದ ಹಾಗಿದೆ" ಅಂದ.

ನೆಗೆಟಿವ್ ಅನ್ನು ಬೆಳಕಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು ಅಲ್ವಾ? ಬಿಳಿ ಅಂಗಿ ಕಪ್ಪಗೆ, ಕಪ್ಪು ಕುಪ್ಯ ಹೆಚ್ಚುಕಡಿಮೆ ಗಾಜಿನಷ್ಟು ತಿಳಿ. ಆ ತಿಳಿಯೊಳಗೆ ಹೊಗೆಯ ಎಳೆಯಂಥ ಗೆರೆಗಳಿದ್ದವು. ಮಡಿಕೆಗಳು ಎಲ್ಲಿಗೂ ಹೋಗಿರಲಿಲ್ಲ. ಅವನ್ನು ಕಾಗದಕ್ಕೆ ಇಳಿಸಬೇಕಿತ್ತು, ಅಷ್ಟೆ.

ಸುಮಾರು ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮದುವೆಗೆ ಈಗ ಡಿಜಿಟಲ್ ಕ್ಯಾಮೆರಾನೇ ಒಯ್ಯುತ್ತೇನೆ. ಆದರೆ ಹಿಂದಿನ ಕೋಣೆಯ ಎನ್‌ಲಾರ್ಜರ್ (ನೆಗೆಟಿವ್ ಅನ್ನು ದೊಡ್ಡದಾಗಿ ಕಾಗದದ ಮೇಲೆ ಬೀಳಿಸುವ ಯಂತ್ರ) ಬಿಟ್ಟಿಲ್ಲ, ಬಿಡುವುದೂ ಇಲ್ಲ. ಯಾಕೆ ಅಂತ ಕೇಳುವವರಿಗೆ ಈ ಕುಪ್ಯದ ಪ್ರಿಂಟ್ ಹೇಗಾಯಿತು ಅಂತ ಹೇಳುವುದೇ ಸರಿಯಾದ ಉತ್ತರ.

ಬ್ರೋಮೈಡ್ ಕಾಗದದ ಮೇಲೆ ಜೆಲಾಟಿನ್ ಪದರವಿರುತ್ತದೆ, ಅದರೊಳಗೆ ಬೆಳ್ಳಿಯ ಲವಣ. ಬೆಳಕು ಬಿದ್ದ ಕಡೆ ಡೆವಲಪರ್ ಅನ್ನುವ ದ್ರಾವಣ ಅದನ್ನು ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಬೆಳಕು ಬೀಳದ ಕಡೆ ಉಳಿದ ಲವಣವನ್ನು ಹೈಪೋ ಅನ್ನುವ ಇನ್ನೊಂದು ದ್ರಾವಣ ಕರಗಿಸಿ ತೆಗೆಯುತ್ತದೆ. ನಾನು ಕಲಿಯುವಾಗ ಕಾಗದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನಿಂದ 'ಇಂದು' ಹೆಸರಿನಲ್ಲಿ ಬರುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಇಂಗ್ಲೆಂಡಿನ ಇಲ್ಫೋರ್ಡ್ ಕಾಗದ ತರಿಸುತ್ತೇನೆ. ದುಬಾರಿ. ಹಾಗಾಗಿ ಒಂದು ಹಾಳೆ ಹಾಳಾದರೂ ಹೊಟ್ಟೆ ಉರಿಯುತ್ತದೆ.

ಮೊದಲು ಕಾಗದದ ಒಂದು ಪಟ್ಟಿಯ ಮೇಲೆ 3 ಸೆಕೆಂಡಿನ ಅಂತರದಲ್ಲಿ ಬೆಳಕು ಕೊಟ್ಟು ನೋಡಿದೆ. ಅಜ್ಜನ ಮುಖಕ್ಕೆ 18 ಸೆಕೆಂಡ್ ಸರಿಹೋಯಿತು. ಆದರೆ ಅಷ್ಟು ಬೆಳಕಿಗೆ ಕುಪ್ಯ ಪೂರ್ತಿ ಮುಳುಗಿತು. ತೋಳಿನ ಬಿಳಿ ಅಂಗಿ, ತಲೆಗೆ ಸುತ್ತಿದ ಮಂಡೆ ತುಣಿ ಎರಡೂ ಬರೀ ಕಾಗದದ ಹಾಗೆ ಉಳಿದವು. ಆಗ ಕೈ ಕೆಲಸ ಶುರು. ತೆಳು ತಂತಿಯ ತುದಿಗೆ ಕುಪ್ಯದ ಆಕಾರದ ರಟ್ಟು ಅಂಟಿಸಿ, 18 ಸೆಕೆಂಡಿನಲ್ಲಿ 4 ಸೆಕೆಂಡ್ ಅದರ ನೆರಳನ್ನು ಕೋಟಿನ ಮೇಲೆ ಹಿಡಿದೆ. ಸುಮ್ನೆ ಹಿಡಿದು ನಿಂತರೆ ಅಂಚಿನಲ್ಲಿ ಗೆರೆ ಬೀಳುತ್ತದೆ. ಮಗು ಆಡಿಸುವಷ್ಟು ಮೆಲ್ಲಗೆ ಅಲ್ಲಾಡಿಸುತ್ತಲೇ ಇರಬೇಕು. ಆಮೇಲೆ ರಟ್ಟಿನಲ್ಲಿ ತೂತು ಮಾಡಿ, ಆ ತೂತಿನಿಂದ ಅಂಗಿಗೂ ಮಂಡೆ ತುಣಿಗೂ 6 ಸೆಕೆಂಡ್ ಜಾಸ್ತಿ ಬೆಳಕು ಬಿಟ್ಟೆ.

ಡೆವಲಪರ್ ಟ್ರೇಯಲ್ಲಿ ಕಾಗದ ಮುಳುಗಿಸಿ ಅರ್ಧ ನಿಮಿಷ ಆಗುವಾಗ ಕೆಂಪು ದೀಪದಲ್ಲಿ ಮೊದಲು ಕುಪ್ಯ ಕಾಣಿಸಿತು, ಆಮೇಲೆ ಜಗಲಿಯ ಕಂಬ, ಕೊನೆಗೆ ಮುಖ. ಕುಪ್ಯದಲ್ಲಿ ಮಡಿಕೆಗಳು ಒಂದೊಂದೇ ಎದ್ದವು. ಸೊಂಟಕ್ಕೆ ಸಿಕ್ಕಿಸಿದ ಪೀಚೆ ಕತ್ತಿಯ ಸರಪಳಿ ಕಪ್ಪಿನ ಮೇಲೆ ಬೇರೆಯಾಗಿ ಹೊಳೆಯಿತು. ಇಷ್ಟು ವರ್ಷವಾದರೂ ಆ ಹೊತ್ತಿನಲ್ಲಿ ನನಗೆ ಉಸಿರು ಬಿಗಿಯಾಗುತ್ತದೆ.

ಹೊಸಬರು ಮೋಸಹೋಗುವುದು ಇಲ್ಲಿಯೇ. ಒದ್ದೆಯಿದ್ದಾಗ ಕಂಡ ಮಡಿಕೆ ಒಣಗಿದ ಮೇಲೆ ಕಾಣದೆ ಹೋಗಬಹುದು. ಪ್ಲಾಸ್ಟಿಕ್ ಲೇಪವಿಲ್ಲದ ದಪ್ಪ ಫೈಬರ್ ಕಾಗದ ಒಣಗಿದರೆ ಒಂದು ಸುತ್ತು ಕಪ್ಪಾಗುತ್ತದೆ. ಅದಕ್ಕೇ ನಾನು ಮೊದಲ ಪಟ್ಟಿಯನ್ನು ಹೇರ್ ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸಿ ನೋಡದೆ ಸೆಕೆಂಡ್ ತೀರ್ಮಾನ ಮಾಡುವುದಿಲ್ಲ.

ಡಾರ್ಕ್‌ರೂಮ್ ಅಂದರೆ ಎಲ್ಲರೂ ಕತ್ತಲೆ, ಬೆಳಕಿನ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಅರ್ಧ ಕೆಲಸ ನೀರಿನದು. ಡೆವಲಪರ್ 20 ಡಿಗ್ರಿಯಲ್ಲಿರಬೇಕು. ಮಡಿಕೇರಿಯಲ್ಲಿ ಡಿಸೆಂಬರ್ ರಾತ್ರಿ ನಲ್ಲಿಯ ನೀರು ಮುಟ್ಟಿ ನೋಡಿ! ಡೆವಲಪರ್‌ನಲ್ಲಿ ಮೆಟಾಲ್, ಹೈಡ್ರೋಕ್ವಿನೋನ್ ಅಂತ ಎರಡು ಮುಖ್ಯ ವಸ್ತು. ಸುಮಾರು 12–13 ಡಿಗ್ರಿಗಿಂತ ಕೆಳಗೆ ಹೈಡ್ರೋಕ್ವಿನೋನ್ ಹೆಚ್ಚುಕಡಿಮೆ ಕೆಲಸವನ್ನೇ ನಿಲ್ಲಿಸುತ್ತದೆ. ಗಟ್ಟಿ ಕಪ್ಪು ಕೊಡುವುದು ಅದೇ. ಮೆಟಾಲ್ ಒಂದೇ ದುಡಿದರೆ ಪ್ರಿಂಟ್ ಮಂಕಾಗಿ, ಬೂದಿ ಬಳಿದ ಹಾಗೆ ಬರುತ್ತದೆ. ಎಷ್ಟೋ ಜನ ಆಗ ಕಾಗದವನ್ನು ಬೈಯುತ್ತಾರೆ. ನಾನು ಡೆವಲಪರ್ ಟ್ರೇಯನ್ನು ಹಂಡೆಯ ಬಿಸಿನೀರು ತುಂಬಿದ ದೊಡ್ಡ ಟ್ರೇಯೊಳಗೆ ಕೂರಿಸುತ್ತೇನೆ, ಥರ್ಮಾಮೀಟರ್ ಪಕ್ಕದಲ್ಲೇ ಇರುತ್ತದೆ.

ಕೊನೆಗೆ ಪ್ರಿಂಟ್ ತೊಳೆಯುವ ನೀರಿನ ಪಾಠ ನನಗೆ ನೋವಿನಿಂದಲೇ ಬಂತು. ಒಂದು ಮದುವೆ ಸೀಸನ್‌ನಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. ಪ್ರಿಂಟ್‌ಗಳನ್ನು ಹತ್ತು ನಿಮಿಷ ತೊಳೆದು ಕೊಟ್ಟುಬಿಟ್ಟೆ. ಹನ್ನೆರಡು ವರ್ಷದ ಮೇಲೆ ಒಬ್ಬರು ಅಕ್ಕ ತಮ್ಮ ಮದುವೆಯ ಫೋಟೋ ತಂದರು. ಗಂಡಿನ ಬಿಳಿ ಕುಪ್ಯದ ಮೇಲೆಲ್ಲ ಹಳದಿ ಕಲೆ. ಹಿಂದೆ ನನ್ನ ಸ್ಟುಡಿಯೋದ ಸೀಲು. ಕಾಗದದ ನಾರಿನೊಳಗೆ ಉಳಿದ ಹೈಪೋ ವರ್ಷಗಟ್ಟಲೆ ಬೆಳ್ಳಿಯನ್ನು ತಿನ್ನುತ್ತಲೇ ಇರುತ್ತದೆ. ಅವರು ಒಂದು ಮಾತೂ ಬೈಯಲಿಲ್ಲ. "ಇದು ಒಂದೇ ಉಳಿದಿರೋದು, ಸರಿ ಮಾಡೋಕಾಗುತ್ತಾ?" ಅಂದರು, ಅಷ್ಟೆ. ನೆಗೆಟಿವ್ ನನ್ನ ಬಳಿ ಇತ್ತು. ಹೊಸದಾಗಿ ಹಾಕಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಫೈಬರ್ ಪ್ರಿಂಟ್‌ಗೆ ಎರಡು ಟ್ರೇ ಹೈಪೋ, ಆಮೇಲೆ ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಹಾಕಿದ ನೀರಿನಲ್ಲಿ ಹತ್ತು ನಿಮಿಷ, ಆಮೇಲೆ ಹರಿಯುವ ನೀರಿನಲ್ಲಿ ಒಂದು ಗಂಟೆ. ಸಲ್ಫೈಟ್ ಹಾಕಿದರೆ ಅಷ್ಟು ಹೊತ್ತು ಬೇಡ ಅನ್ನುತ್ತಾರೆ, ಅದು ನಿಜ. ಆದರೂ ನಾನು ಗಂಟೆ ಕಡಿಮೆ ಮಾಡುವುದಿಲ್ಲ. ತಣ್ಣೀರಿನಲ್ಲಿ ಹೈಪೋ ಬಿಡುವುದು ನಿಧಾನ, ನಮ್ಮ ನೀರು ತಣ್ಣಗೆ.

ಬಳಸಿದ ಹೈಪೋವನ್ನು ಚರಂಡಿಗೆ ಚೆಲ್ಲುವುದಿಲ್ಲ. ಅದರಲ್ಲಿ ಕರಗಿದ ಬೆಳ್ಳಿ ಇರುತ್ತದೆ, ನೀರಿನ ಜೀವಿಗಳಿಗೆ ಅದು ವಿಷ. ಕೊಡಗಿನ ಎಷ್ಟೋ ತೋಡುಗಳು ಕೊನೆಗೆ ಸೇರುವುದು ಕಾವೇರಿಯನ್ನೇ. ಬಕೆಟ್‌ನಲ್ಲಿ ಸ್ಟೀಲ್ ವುಲ್ ಹಾಕಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಕೆಳಗೆ ಕೂರುತ್ತದೆ. ತುಕ್ಕು ಹಿಡಿಯುವ ಸಾದಾ ಸ್ಟೀಲ್ ವುಲ್ಲೇ ಆಗಬೇಕು, ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಉಂಡೆ ಇದಕ್ಕೆ ಬರುವುದಿಲ್ಲ.

ಅಜ್ಜನ ಪ್ರಿಂಟ್ ಒಣಗುವುದಕ್ಕೆ ಮೂರು ದಿನ ಬೇಕಾಯಿತು. ನಮ್ಮ ಮಳೆಗಾಲದಲ್ಲಿ ಜೆಲಾಟಿನ್ ಅಂದರೆ ಬೂಷ್ಟಿಗೆ ಹಬ್ಬದೂಟ. ನೈಲಾನ್ ಬಲೆಯ ಮೇಲೆ ಹರಡಿ ಫ್ಯಾನ್ ಹಾಕಿದ್ದೆ, ನಡುವೆ ಕರೆಂಟ್ ಹೋಯಿತು. ನೆಗೆಟಿವ್ ಅನ್ನು ಸಣ್ಣ ಬಲ್ಬು ಉರಿಯುವ ಅಲ್ಮೇರಾದಲ್ಲಿ ಇಟ್ಟಿದ್ದೆ.

ಹುಡುಗ ಬಂದು ಪ್ರಿಂಟ್ ಅನ್ನು ಬಾಗಿಲ ಬೆಳಕಿಗೆ ಹಿಡಿದ. ಮುಖದ ಮೇಲೆ ಅವನ ಕಣ್ಣು ನಿಲ್ಲಲಿಲ್ಲ. ಎಡ ಭುಜದ ಹತ್ತಿರ ಬೆರಳಿಟ್ಟ.

"ಇಲ್ಲಿ ಹೊಲಿಗೆ ಹಾಕಿದೆ ಅಣ್ಣಾ. ಈ ಕುಪ್ಯ ಇನ್ನೂ ಮನೇಲಿದೆ. ಹೋದ ಕೂಡ್ಲೆ ತೆಗೆದು ನೋಡ್ತೀನಿ."

ಮರುದಿನ ಫೋನ್ ಮಾಡಿದ. ಹೊಲಿಗೆ ಅಲ್ಲೇ ಇದೆಯಂತೆ. ಗೋಣಿಕೊಪ್ಪದ ಅತ್ತೆಗೂ ಒಂದು ಪ್ರಿಂಟ್ ಬೇಕಂತೆ. ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ: ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಮುಖಕ್ಕೆ 18, ಕುಪ್ಯಕ್ಕೆ 4 ಕಡಿಮೆ, ಅಂಗಿಗೆ 6 ಜಾಸ್ತಿ. ಮಳೆ ಸ್ವಲ್ಪ ಬಿಡಲಿ, ಹಾಕಿಕೊಡುತ್ತೇನೆ.