ರಾತ್ರಿ ಓಡಬೇಕಿದ್ದ ಜಾಬ್ ಓಡಿಲ್ಲ ಅಂದಾಗ ಎಲ್ಲಿಂದ ಹುಡುಕಬೇಕು

ಡೇಟಾಬೇಸ್ ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ಕೆಲಸಕ್ಕೆ ಜಾಬ್ ಅನ್ನುತ್ತಾರೆ. "ಜಾಬ್ ರನ್ ಆಗ್ತಿಲ್ಲ" ಅಂತ ಒಂದು ಟಿಕೆಟ್ (ದೂರು) ಬರುತ್ತದೆ. ಅಷ್ಟೇ, ಮುಂದೆ ಒಂದು ಅಕ್ಷರವೂ ಇರುವುದಿಲ್ಲ. ಇಂಥ ಟಿಕೆಟ್ ಬಂದಾಗ ತುಂಬಾ ಜನ ಮಾಡುವುದು ಒಂದೇ ಕೆಲಸ: ಇರುವ ಜಾಬನ್ನು ಡ್ರಾಪ್ ಮಾಡಿ ಮತ್ತೆ ಹೊಸದಾಗಿ ಕ್ರಿಯೇಟ್ ಮಾಡುತ್ತಾರೆ, ಅಥವಾ ಡೇಟಾಬೇಸನ್ನೇ ಒಂದು ಸಲ ರೀಸ್ಟಾರ್ಟ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಜಾಬ್ ಎಷ್ಟು ಸಲ ಫೇಲ್ ಆಗಿತ್ತು, ಮುಂದೆ ಯಾವಾಗ ಓಡಬೇಕಿತ್ತು, ಯಾವ ಎನ್‌ಎಲ್‌ಎಸ್ (ಭಾಷೆ, ತಾರೀಖಿನ ರೂಪದ) ಸೆಟ್ಟಿಂಗ್‌ನಲ್ಲಿ ಕ್ರಿಯೇಟ್ ಆಗಿತ್ತು ಅನ್ನೋದೆಲ್ಲ ಡ್ರಾಪ್ ಜೊತೆಗೇ ಹೋಗುತ್ತದೆ. ಕಾರಣ ಮಾತ್ರ ಅಲ್ಲೇ ಉಳಿದಿರುತ್ತದೆ. ಇನ್ನೊಂದು ರಾತ್ರಿ ಅದೇ ಜಾಬ್ ಮತ್ತೆ ನಿಲ್ಲುತ್ತದೆ.

ನಾನು ಹೆಚ್ಚಾಗಿ ಕೆಲಸ ಮಾಡೋದು ಒರಾಕಲ್ ಡೇಟಾಬೇಸ್ ಮೇಲೆ. ಹಾಗಾಗಿ ಅದನ್ನೇ ಹಿಡಿದು ಬರೆಯುತ್ತೇನೆ.

ಮೊದಲು ಕೇಳಬೇಕಾದ ಪ್ರಶ್ನೆ: ನಿಂತಿರುವುದು ಒಂದೇ ಜಾಬಾ, ಅಥವಾ ಎಲ್ಲವೂ ನಿಂತಿವೆಯಾ? ಟಿಕೆಟ್ ಹಾಕಿದವರಿಗೆ ಅವರ ಜಾಬ್ ಮಾತ್ರ ಕಾಣುತ್ತದೆ. ಪಕ್ಕದ ಜಾಬ್‌ಗಳು ಓಡುತ್ತಿವೆಯೋ ಇಲ್ಲವೋ ಅವರಿಗೆ ಗೊತ್ತಿರಲ್ಲ. ಡಿಬಿಎ_ಶೆಡ್ಯೂಲರ್_ಜಾಬ್_ರನ್_ಡೀಟೇಲ್ಸ್ ಅನ್ನೋ ವ್ಯೂನಲ್ಲಿ (ಟೇಬಲ್‌ನಂತೆ ಓದಬಹುದಾದ ಪಟ್ಟಿ) ಕಳೆದ ಎರಡು ಮೂರು ದಿನದ ಸಾಲುಗಳನ್ನು ಸಮಯದ ಪ್ರಕಾರ ನೋಡಿ. ಯಾವುದೋ ಒಂದು ಗಂಟೆಯ ನಂತರ ಯಾರ ಜಾಬೂ ಇಲ್ಲ ಅಂದರೆ ತೊಂದರೆ ಜಾಬ್‌ನಲ್ಲಿಲ್ಲ, ಜಾಬ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಶೆಡ್ಯೂಲರ್‌ನಲ್ಲಿದೆ. ಇಷ್ಟು ನೋಡಲು ಐದು ನಿಮಿಷ ಸಾಕು, ಆದರೆ ಇದನ್ನು ಬಿಟ್ಟು ಜಾಬ್ ಕರೆಯುವ ಪ್ರೊಸೀಜರ್‌ನ ಕೋಡ್ ಓದುತ್ತಾ ಕೂತು ಅರ್ಧ ದಿನ ಕಳೆದವರನ್ನು ನಾನು ತುಂಬಾ ನೋಡಿದ್ದೇನೆ.

ಎಲ್ಲವೂ ನಿಂತಿವೆ ಅಂತಾದರೆ ಮೊದಲು ಜಾಬ್_ಕ್ಯೂ_ಪ್ರೋಸೆಸಸ್ ಪ್ಯಾರಾಮೀಟರ್ (ಒಟ್ಟಿಗೆ ಎಷ್ಟು ಜಾಬ್ ಓಡಬಹುದು ಅನ್ನೋ ಮಿತಿ) ನೋಡಿ. ಅದು 0 ಆಗಿದ್ದರೆ ಏನೂ ಓಡುವುದಿಲ್ಲ. ಒರಾಕಲ್‌ನ ಹಳೆಯ 10ಜಿ ಆವೃತ್ತಿಯ ಕಾಲದಲ್ಲಿ ಈ ಸೊನ್ನೆ ಡಿಬಿಎಂಎಸ್_ಜಾಬ್ ಅನ್ನೋ ಹಳೆಯ ವಿಧಾನದ ಜಾಬ್‌ಗಳನ್ನು ಮಾತ್ರ ನಿಲ್ಲಿಸುತ್ತಿತ್ತು. 11ಜಿ ರಿಲೀಸ್ 2ರಿಂದ ಡಿಬಿಎಂಎಸ್_ಶೆಡ್ಯೂಲರ್ ಅನ್ನೋ ಹೊಸ ವಿಧಾನದ ಜಾಬ್‌ಗಳೂ ನಿಲ್ಲುತ್ತವೆ, ಇದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸೊನ್ನೆ ತಾನಾಗಿ ಬರಲ್ಲ ಅಲ್ವಾ, ಯಾರೋ ಹಾಕಿರುತ್ತಾರೆ. ಪ್ಯಾಚ್ ಹಾಕುವಾಗ, ಅಪ್‌ಗ್ರೇಡ್ ಮಾಡುವಾಗ, ದೊಡ್ಡ ಇಂಪೋರ್ಟ್ ನಡೆಸುವಾಗ ಜಾಬ್‌ಗಳು ಮಧ್ಯೆ ಬರದಿರಲಿ ಅಂತ 0 ಮಾಡುವುದು ಸರಿಯಾದ ಪದ್ಧತಿಯೇ. ಕೆಲಸ ಮುಗಿದ ಮೇಲೆ ವಾಪಸ್ ಹಾಕುವುದು ಉಳಿದುಬಿಡುತ್ತದೆ. ಶನಿವಾರ ರಾತ್ರಿ ಪ್ಯಾಚ್, ಸೋಮವಾರ ಬೆಳಿಗ್ಗೆ ಟಿಕೆಟ್ ಅಂದರೆ ನಾನು ಮೊದಲು ನೋಡುವುದೇ ಇದನ್ನು. ಡೇಟಾಬೇಸ್ ತನ್ನ ಘಟನೆಗಳನ್ನು ಬರೆದಿಡುವ ಅಲರ್ಟ್ ಲಾಗ್‌ನಲ್ಲಿ ಆ ಬದಲಾವಣೆಯ ಆಲ್ಟರ್ ಸಿಸ್ಟಮ್ ಸಾಲು ಸಮಯದ ಸಮೇತ ಸಿಗುತ್ತದೆ.

ಇದರ ಜೊತೆಗೇ ನೋಡಬೇಕಾದ್ದು ಇನ್ನೆರಡು. ಒಂದು, ಶೆಡ್ಯೂಲರ್_ಡಿಸೇಬಲ್ಡ್ ಅನ್ನೋ ಗ್ಲೋಬಲ್ ಆಟ್ರಿಬ್ಯೂಟ್. ಯಾರಾದರೂ ಅದನ್ನು ಟ್ರೂ ಮಾಡಿದ್ದರೆ ಪ್ಯಾರಾಮೀಟರ್ ಚೆನ್ನಾಗಿಯೇ ಕಂಡರೂ ಶೆಡ್ಯೂಲರ್ ಜಾಬ್ ಓಡಲ್ಲ. ಇನ್ನೊಂದು, ಇನ್‌ಸ್ಟನ್ಸ್ (ಓಡುತ್ತಿರುವ ಡೇಟಾಬೇಸ್) ರಿಸ್ಟ್ರಿಕ್ಟೆಡ್ ಮೋಡ್‌ನಲ್ಲಿ, ಅಂದರೆ ವಿಶೇಷ ಅನುಮತಿ ಇರುವವರಿಗೆ ಮಾತ್ರ ಲಾಗಿನ್ ಕೊಡುವ ಸ್ಥಿತಿಯಲ್ಲಿ ಇದೆಯಾ ಅಂತ. ವಿ$ಇನ್‌ಸ್ಟನ್ಸ್ ವ್ಯೂನ ಲಾಗಿನ್ಸ್ ಕಾಲಂನಲ್ಲಿ ರಿಸ್ಟ್ರಿಕ್ಟೆಡ್ ಅಂತ ಇದ್ದರೆ ಉತ್ತರ ಸಿಕ್ಕಿತು. ಈ ಮೋಡ್‌ನಲ್ಲಿ ಡಿಬಿಎಗಳು (ಡೇಟಾಬೇಸ್ ನೋಡಿಕೊಳ್ಳುವವರು) ಆರಾಮಾಗಿ ಲಾಗಿನ್ ಆಗುತ್ತಾರೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಪ್ಲಗ್ಗಬಲ್ ಡೇಟಾಬೇಸ್ (ಪಿಡಿಬಿ, ಒಂದು ಕಂಟೇನರ್‌ನೊಳಗಿನ ಡೇಟಾಬೇಸ್) ಇರುವ ಕಡೆ ಇನ್ನೂ ಸರಳ ಕಾರಣ ಇರುತ್ತದೆ: ಸರ್ವರ್ ರೀಸ್ಟಾರ್ಟ್ ಆದ ಮೇಲೆ ಕಂಟೇನರ್ ಎದ್ದಿರುತ್ತದೆ, ಒಳಗಿನ ಪಿಡಿಬಿ ಮಾತ್ರ ತೆರೆಯದೆ ಮೌಂಟ್ ಸ್ಥಿತಿಯಲ್ಲೇ ಉಳಿದಿರುತ್ತದೆ. ಒಮ್ಮೆ ತೆರೆದು ಸೇವ್ ಸ್ಟೇಟ್ ಕಮಾಂಡ್ ಕೊಟ್ಟಿದ್ದರೆ ಹೀಗಾಗುವುದಿಲ್ಲ. ಆರ್‌ಎಸಿ (ಒಂದೇ ಡೇಟಾಬೇಸ್ ಹಲವು ಸರ್ವರ್‌ಗಳ ಮೇಲೆ) ಇದ್ದರೆ ಜಾಬ್ ಕ್ಲಾಸ್‌ಗೆ ಯಾವ ಸರ್ವೀಸ್ ಕಟ್ಟಿದ್ದಾರೆ, ಆ ಸರ್ವೀಸ್ ಯಾವುದಾದರೂ ನೋಡ್ ಮೇಲೆ ಓಡುತ್ತಿದೆಯಾ ಅಂತಲೂ ನೋಡಿಕೊಳ್ಳಿ.

ಸೆಟ್ಟಿಂಗ್ ಎಲ್ಲ ಸರಿ ಇದೆ, ಆದರೂ ಏನೂ ಓಡುತ್ತಿಲ್ಲ ಅಂದರೆ ಪ್ರೋಸೆಸ್‌ಗಳ ಕಡೆ ಹೋಗಬೇಕು. ಒರಾಕಲ್‌ನಲ್ಲಿ ಜಾಬ್‌ಗಳನ್ನು ನೋಡಿಕೊಳ್ಳುವುದು ಸಿಜೆಕ್ಯೂ0 ಅನ್ನೋ ಕೋಆರ್ಡಿನೇಟರ್ ಪ್ರೋಸೆಸ್. ಸಮಯ ಆದಾಗ ಅದು ಜೆ000, ಜೆ001 ಅಂತ ಸ್ಲೇವ್‌ಗಳನ್ನು ಹುಟ್ಟಿಸುತ್ತದೆ, ಜಾಬ್ ಓಡೋದು ಅವುಗಳಲ್ಲಿ. ಪ್ರೋಸೆಸಸ್ ಪ್ಯಾರಾಮೀಟರ್‌ನ ಮಿತಿ ತುಂಬಿಹೋಗಿದ್ದರೆ ಸ್ಲೇವ್ ಹುಟ್ಟಲು ಜಾಗವೇ ಇರಲ್ಲ. ಆಗ ಅಲರ್ಟ್ ಲಾಗ್‌ನಲ್ಲಿ ಜಾಬ್ ಕ್ಯೂ ಸ್ಲೇವ್ ಪ್ರೋಸೆಸ್ ಹುಟ್ಟಿಸಲು ಆಗಲಿಲ್ಲ ಅಂತ ಹೇಳುವ ಕೆಕೆಜೆಸಿಆರ್‌ಇ1ಪಿ ಸಾಲು, ಅದರ ಸುತ್ತಮುತ್ತ ಮಿತಿ ಮೀರಿತು ಅನ್ನೋ ಎರರ್ ಓಆರ್‌ಎ-00020 ಕಾಣುತ್ತದೆ. ಅಪ್ಲಿಕೇಶನ್ ಕಡೆಯ ಕನೆಕ್ಷನ್ ಪೂಲ್ (ತೆರೆದಿಟ್ಟ ಸಂಪರ್ಕಗಳ ಗುಂಪು) ಉಬ್ಬಿಕೊಂಡಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಹಗಲಲ್ಲಿ ಇದೇ ತೊಂದರೆ ಆದರೆ ಬಳಕೆದಾರರು ಕೂಗುತ್ತಾರೆ, ರಾತ್ರಿ ಎರಡು ಗಂಟೆಗೆ ಆದರೆ ಜಾಬ್ ಕೂಗಲ್ಲ.

ಇಲ್ಲಿ ಒಂದು ಹಳೆಯ ಪ್ರಕರಣ ನೆನಪಿಸಿಕೊಳ್ಳಬೇಕು. ಒರಾಕಲ್ 9.2ರಲ್ಲಿ ಒಂದು ಬಗ್ ಇತ್ತು: ಸರ್ವರ್ 497 ದಿನ ಬಿಡದೆ ನಡೆದ ಮೇಲೆ ಜಾಬ್‌ಗಳು ತಾವಾಗಿ ಓಡುವುದನ್ನು ನಿಲ್ಲಿಸುತ್ತಿದ್ದವು. ಯಾರೂ ಏನೂ ಮುಟ್ಟಿಲ್ಲ, ಪ್ಯಾರಾಮೀಟರ್ ಸರಿ ಇದೆ, ಕೈಯಿಂದ ಓಡಿಸಿದರೆ ಓಡುತ್ತದೆ, ತಾನಾಗಿ ಮಾತ್ರ ಓಡಲ್ಲ. 497 ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 100 ಟಿಕ್ ಎಣಿಸುವ 32 ಬಿಟ್ ಕೌಂಟರ್ ಅಂದರೆ 429 ಕೋಟಿಗೂ ಸ್ವಲ್ಪ ಜಾಸ್ತಿ ಟಿಕ್. ನೂರರಿಂದ ಭಾಗಿಸಿ, ಮತ್ತೆ ದಿನದ 86,400 ಸೆಕೆಂಡಿನಿಂದ ಭಾಗಿಸಿದರೆ 497.1 ದಿನ ಬರುತ್ತದೆ. ಕೌಂಟರ್ ತುಂಬಿ ಮತ್ತೆ ಸೊನ್ನೆಗೆ ಬಂದ ಕ್ಷಣ ಸಮಯದ ಲೆಕ್ಕ ತಪ್ಪುತ್ತದೆ. ಈಗ ಆ 9ಐ ಆವೃತ್ತಿ ಎಲ್ಲೋ ಒಂದೆರಡು ಕಡೆ ಇರಬಹುದು ಅಷ್ಟೇ. ಆದರೂ ಇದನ್ನು ಹೇಳುತ್ತಿರುವುದು ಯಾಕಂದರೆ, ಯಾರೂ ಏನೂ ಬದಲಾಯಿಸದೆ ಎಲ್ಲ ಜಾಬ್ ಒಟ್ಟಿಗೆ ನಿಂತಾಗ ಸರ್ವರ್ ಎದ್ದು ಎಷ್ಟು ದಿನ ಆಯಿತು ಅಂತ ನೋಡುವುದು ಇವತ್ತಿಗೂ ಒಳ್ಳೆಯ ಅಭ್ಯಾಸ.

ಒಂದೇ ಜಾಬ್ ನಿಂತಿದ್ದರೆ ದಾರಿ ಬೇರೆ. ಅದು ಶುರುವೇ ಆಗುತ್ತಿಲ್ಲವಾ, ಶುರುವಾಗಿ ಫೇಲ್ ಆಗುತ್ತಿದೆಯಾ, ಶುರುವಾಗಿ ಮುಗಿಯದೆ ಕೂತಿದೆಯಾ, ಅಥವಾ ಮುಗಿಯುತ್ತಿದೆ ಆದರೆ ಕೆಲಸ ಮಾಡುತ್ತಿಲ್ಲವಾ? ಟಿಕೆಟ್‌ನಲ್ಲಿ ಈ ನಾಲ್ಕಕ್ಕೂ "ರನ್ ಆಗ್ತಿಲ್ಲ" ಅಂತಲೇ ಬರೆದಿರುತ್ತಾರೆ.

ಹಳೆಯ ಡಿಬಿಎಂಎಸ್_ಜಾಬ್ ಆಗಿದ್ದರೆ ಡಿಬಿಎ_ಜಾಬ್ಸ್‌ನಲ್ಲಿ ಬ್ರೋಕನ್ ಕಾಲಂ ನೋಡಿ. ಸತತ 16 ಸಲ ಫೇಲ್ ಆದರೆ ಒರಾಕಲ್ ಅದನ್ನು ಬ್ರೋಕನ್ ಅಂತ ಗುರುತು ಮಾಡಿ ಕೈಬಿಡುತ್ತದೆ. ಈ 16ರ ಹಿಂದೆ ಒಂದು ವಿಷಯ ಅಡಗಿದೆ. ಮೊದಲ ಸಲ ಫೇಲ್ ಆದ ಮೇಲೆ ಒಂದು ನಿಮಿಷಕ್ಕೆ ಮತ್ತೆ ಪ್ರಯತ್ನ, ಆಮೇಲೆ ಎರಡು, ನಾಲ್ಕು, ಎಂಟು ನಿಮಿಷ, ಹೀಗೆ ದುಪ್ಪಟ್ಟು ಆಗುತ್ತಾ ಹೋಗಿ ಜಾಬ್‌ನ ಮಾಮೂಲಿ ಅಂತರವನ್ನು ದಾಟಿದ ಮೇಲೆ ಆ ಮಾಮೂಲಿ ಅಂತರದಲ್ಲೇ ಪ್ರಯತ್ನ ನಡೆಯುತ್ತದೆ. ಅಂದರೆ ದಿನಕ್ಕೊಮ್ಮೆ ಓಡುವ ಜಾಬ್ ಬ್ರೋಕನ್ ಆಗಲು ಕೆಲವು ದಿನವೇ ಹಿಡಿಯುತ್ತದೆ. ಇವತ್ತು ಬ್ರೋಕನ್ ಕಂಡಿತು ಅಂತ ನಿನ್ನೆ ಏನು ಬದಲಾಯಿತು ಎಂದು ಹುಡುಕಿದರೆ ಏನೂ ಸಿಗಲ್ಲ. ಲಾಸ್ಟ್_ಡೇಟ್ ಕಾಲಂ ನೋಡಿ, ಅದು ಕೊನೆಯದಾಗಿ ಸರಿಯಾಗಿ ಓಡಿದ ದಿನ. ಅದರ ಮಾರನೆಯ ದಿನದ ಅಲರ್ಟ್ ಲಾಗ್ ತೆಗೆದರೆ ಜಾಬ್ ಓಡಿಸುವಾಗ ಎರರ್ ಬಂತು ಅನ್ನೋ ಓಆರ್‌ಎ-12012, ಅದರ ಕೆಳಗೆ ನಿಜವಾದ ಎರರ್ ಇರುತ್ತದೆ. ಒಂದು ಎಚ್ಚರಿಕೆ: ಹೊಸ ಶೆಡ್ಯೂಲರ್‌ನ ಲಾಸ್ಟ್_ಸ್ಟಾರ್ಟ್_ಡೇಟ್‌ಗೆ ಈ ಅರ್ಥ ಇಲ್ಲ. ಅದು ಕೊನೆಯದಾಗಿ ಶುರುವಾದ ಸಮಯ ಮಾತ್ರ, ಸರಿಯಾಗಿ ಮುಗಿಯಿತಾ ಇಲ್ಲವಾ ಅಂತ ಅದು ಹೇಳಲ್ಲ.

ಡಿಬಿಎಂಎಸ್_ಶೆಡ್ಯೂಲರ್‌ನಲ್ಲಿ ಸ್ಟೇಟ್ ಕಾಲಂ ಡಿಸೇಬಲ್ಡ್ ಅಂತಿದ್ದರೆ ಮೊದಲು ಇದು ಯಾವತ್ತಾದರೂ ಎನೇಬಲ್ ಆಗಿತ್ತಾ ಕೇಳಿ. ಕ್ರಿಯೇಟ್_ಜಾಬ್‌ನಲ್ಲಿ ಎನೇಬಲ್ಡ್ ಅಂತ ಕೊಡದಿದ್ದರೆ ಜಾಬ್ ಡಿಸೇಬಲ್ ಆಗಿಯೇ ಹುಟ್ಟುತ್ತದೆ. ಜಾಬೇ ಕಾಣುತ್ತಿಲ್ಲ ಅಂದರೆ ಆಟೋ_ಡ್ರಾಪ್ ಕೆಲಸ ಮಾಡಿರಬಹುದು, ಎಂಡ್_ಡೇಟ್ ಕೊಟ್ಟಿದ್ದು ಮುಗಿದ ಕೂಡಲೇ ಜಾಬ್ ತಾನಾಗಿ ಅಳಿಸಿಹೋಗುತ್ತದೆ.

ಈಗ ನಾನು ಜಾಸ್ತಿ ಒತ್ತಿ ಹೇಳಬೇಕಾದ ಮಾತು. "ಕೈಯಿಂದ ಓಡಿಸಿದೆ ಸರ್, ಓಡ್ತು, ಆದರೆ ರಾತ್ರಿ ಓಡಲ್ಲ" ಅಂತ ಜೂನಿಯರ್‌ಗಳು ಬಂದು ಹೇಳುತ್ತಾರೆ. ರನ್_ಜಾಬ್ ಕರೆದಾಗ ಯೂಸ್_ಕರೆಂಟ್_ಸೆಷನ್ ಅನ್ನೋ ಆರ್ಗ್ಯುಮೆಂಟ್ ಕೊಡದಿದ್ದರೆ ಅದು ಟ್ರೂ. ಅಂದರೆ ಜಾಬ್ ಓಡಿದ್ದು ನಿಮ್ಮ ಸೆಷನ್‌ನಲ್ಲಿ. ಸಿಜೆಕ್ಯೂ0 ಇದರಲ್ಲಿ ಭಾಗಿಯೇ ಆಗಿಲ್ಲ, ಸ್ಲೇವ್ ಹುಟ್ಟಿಲ್ಲ, ರನ್ ಕೌಂಟ್ ಕೂಡ ಏರಲ್ಲ. ಇದರಿಂದ ಪ್ರೊಸೀಜರ್ ಸರಿ ಇದೆ ಅಂತ ಗೊತ್ತಾಯಿತೇ ಹೊರತು ಶೆಡ್ಯೂಲರ್ ಸರಿ ಇದೆ ಅಂತ ಅಲ್ಲ. ಅದನ್ನು ಫಾಲ್ಸ್ ಮಾಡಿ ಓಡಿಸಿ ನೋಡಿ. ಶೆಡ್ಯೂಲರ್ ಸತ್ತಿದ್ದರೆ ಶೆಡ್ಯೂಲರ್ ಸಿಗುತ್ತಿಲ್ಲ ಅನ್ನೋ ಓಆರ್‌ಎ-27492 ಎದುರಿಗೇ ಬಂದು ನಿಲ್ಲುತ್ತದೆ. ಎನ್‌ಎಲ್‌ಎಸ್ ಕೂಡ ಇಲ್ಲೇ ಸಿಕ್ಕಿಹಾಕಿಸುತ್ತದೆ. ಜಾಬ್ ಕ್ರಿಯೇಟ್ ಮಾಡಿದ ಸೆಷನ್‌ನ ಡೇಟ್ ಫಾರ್ಮ್ಯಾಟ್ ಜಾಬ್ ಜೊತೆ ಉಳಿಯುತ್ತದೆ, ನೀವು ಬೇರೆ ಟೂಲ್‌ನಿಂದ ಕೈಯಿಂದ ಓಡಿಸುವಾಗ ಫಾರ್ಮ್ಯಾಟ್ ಬೇರೆ ಇರುತ್ತದೆ. ಒಂದೇ ಕೋಡ್, ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ತಿಂಗಳು ಸರಿ ಇಲ್ಲ ಅಂತ ಓಆರ್‌ಎ-01843.

ಮುಗಿಯದೆ ಕೂತಿರುವ ಜಾಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದಿನ ಓಟ ಮುಗಿಯುವವರೆಗೆ ಮುಂದಿನದು ಶುರುವಾಗಲ್ಲ, ಮೂರು ದಿನದಿಂದ ರನ್ನಿಂಗ್ ಅಂತಿದ್ದರೆ ಆ ಸೆಷನ್ ಯಾವುದಕ್ಕೆ ಕಾಯುತ್ತಿದೆ ನೋಡಿ. ಸಾಮಾನ್ಯವಾಗಿ ಯಾರದೋ ಲಾಕ್, ಇಲ್ಲವೇ ಡಿಬಿ ಲಿಂಕ್‌ನ (ಇನ್ನೊಂದು ಡೇಟಾಬೇಸ್‌ಗೆ ಇರುವ ಕೊಂಡಿ) ಆಚೆ ಕಡೆಯಿಂದ ಬರದ ಉತ್ತರ. ಡಿಬಿ ಲಿಂಕ್ ಇರುವ ಜಾಬ್ ಕಾಯುತ್ತಾ ಕೂರದೆ ಪ್ರತಿ ರಾತ್ರಿ ಫೇಲ್ ಆಗುತ್ತಿದ್ದರೆ ಆಚೆ ಕಡೆಯ ಅಕೌಂಟ್‌ನ ಪಾಸ್‌ವರ್ಡ್ ಅವಧಿ ನೋಡಿ. 11ಜಿಯಿಂದ ಡೀಫಾಲ್ಟ್ ಪ್ರೊಫೈಲ್‌ನಲ್ಲಿ ಅದು 180 ದಿನ. ಆರು ತಿಂಗಳು ಚೆನ್ನಾಗಿ ಓಡಿ ನಿಂತ ಜಾಬ್ ಅಂದರೆ ನನಗೆ ಮೊದಲು ಅನುಮಾನ ಬರುವುದೇ ಇದರ ಮೇಲೆ.

ನಾಲ್ಕನೆಯದು ಅತಿ ಕೆಟ್ಟದ್ದು. ರನ್ ಡೀಟೇಲ್ಸ್‌ನಲ್ಲಿ ಪ್ರತಿ ರಾತ್ರಿ ಸಕ್ಸೀಡೆಡ್ ಅಂತಿದೆ, ಟೇಬಲ್‌ನಲ್ಲಿ ಡೇಟಾ ಇಲ್ಲ. ಪ್ರೊಸೀಜರ್‌ನ ಕೊನೆಯಲ್ಲಿ ಯಾರೋ ವೆನ್ ಅದರ್ಸ್ ದೆನ್ ನಲ್ (ಯಾವ ಎರರ್ ಬಂದರೂ ಏನೂ ಮಾಡಬೇಡ) ಅಂತ ಬರೆದಿರುತ್ತಾರೆ, ಬಂದ ಎರರ್ ಎಲ್ಲ ಅಲ್ಲೇ ನುಂಗಿಹೋಗುತ್ತದೆ, ಶೆಡ್ಯೂಲರ್‌ಗೆ ತಲುಪುವುದು ಬರೀ "ಮುಗಿಯಿತು" ಅನ್ನೋ ಸುದ್ದಿ. ಇದನ್ನು ಹಿಡಿಯಲು ರನ್_ಡ್ಯುರೇಶನ್ ಕಾಲಂ ನೋಡಿ. ಹೋದ ವಾರ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ಜಾಬ್ ಈ ವಾರ ಎರಡು ಸೆಕೆಂಡಿಗೆ ಮುಗಿಯುತ್ತಿದ್ದರೆ ಅದು ವೇಗ ಆಗಿದ್ದಲ್ಲ, ಒಳಗೆ ಹೋಗಿ ಹಾಗೆಯೇ ವಾಪಸ್ ಬಂದಿದ್ದು. ಬ್ಯಾಂಕಿನ ಬಡ್ಡಿ ಲೆಕ್ಕ, ಆಸ್ಪತ್ರೆಯ ಬಿಲ್, ಪಿಂಚಣಿ ಪಟ್ಟಿ, ಇಂಥವೆಲ್ಲ ರಾತ್ರಿ ಜಾಬ್‌ಗಳ ಮೇಲೆ ನಿಂತಿವೆ. ಎರರ್ ನುಂಗುವ ಆ ಒಂದು ಸಾಲು ಬರೆದವರಿಗೆ ಆ ಬಿಲ್ಲಿಗಾಗಿ ಕ್ಯೂನಲ್ಲಿ ನಿಂತವರು ಕಾಣುವುದಿಲ್ಲ. ಕೋಡ್ ರಿವ್ಯೂನಲ್ಲಿ ಇದು ಕಂಡರೆ ಬಿಡಬೇಡಿ.

ಅಲರ್ಟ್ ವ್ಯವಸ್ಥೆಯ ಬಗ್ಗೆಯೂ ಇಲ್ಲೇ ಹೇಳಬೇಕು. ಜಾಬ್ ಫೇಲ್ ಆದರೆ ಮೇಲ್ ಬರುವ ಹಾಗೆ ಎಲ್ಲರೂ ಮಾಡಿಕೊಂಡಿರುತ್ತಾರೆ. ಶುರುವೇ ಆಗದ ಜಾಬ್ ಫೇಲ್ ಆಗಲ್ಲ, ಮೇಲ್ ಬರಲ್ಲ, ಎಲ್ಲ ಸುಸೂತ್ರ ಅಂತ ನಾವು ಇದ್ದುಬಿಡುತ್ತೇವೆ. ಕೊನೆಯದಾಗಿ ಸರಿಯಾಗಿ ಮುಗಿದು ಎಷ್ಟು ಗಂಟೆ ಆಯಿತು, ಟೇಬಲ್‌ನಲ್ಲಿ ನಿನ್ನೆಯ ತಾರೀಖಿನ ಸಾಲು ಇದೆಯಾ, ಇವೆರಡನ್ನು ಡೇಟಾಬೇಸ್‌ನ ಹೊರಗಿನಿಂದ ಕೇಳುವ ಚಿಕ್ಕ ಸ್ಕ್ರಿಪ್ಟ್ ಇಟ್ಟುಕೊಳ್ಳಿ. ಹೊರಗಿನಿಂದಲೇ ಯಾಕೆ ಅಂದರೆ, ಅದೇ ಶೆಡ್ಯೂಲರ್‌ನೊಳಗೆ ಕಾವಲು ಜಾಬ್ ಇಟ್ಟರೆ ಶೆಡ್ಯೂಲರ್ ನಿಂತಾಗ ಕಾವಲೂ ನಿಲ್ಲುತ್ತದೆ.

ಎಷ್ಟೋ ಸಲ ಜಾಬ್ ನಿಂತೇ ಇರಲ್ಲ, ಬೇರೆ ಹೊತ್ತಿಗೆ ಓಡುತ್ತಿರುತ್ತದೆ. ಸ್ಟಾರ್ಟ್_ಡೇಟ್ ಕೊಡದಿದ್ದರೆ ಶೆಡ್ಯೂಲರ್‌ನ ಡೀಫಾಲ್ಟ್ ಟೈಮ್‌ಜೋನ್ ಲೆಕ್ಕಕ್ಕೆ ಬರಬಹುದು, ಅದು ಹಳೆಯ ಡೇಟಾಬೇಸ್‌ಗಳಲ್ಲಿ ಪಿಎಸ್‌ಟಿ8ಪಿಡಿಟಿ (ಅಮೆರಿಕದ ಪಶ್ಚಿಮ ಕರಾವಳಿಯ ಸಮಯ) ಅಂತ ಇರುವುದನ್ನು ನೋಡಬಹುದು. ಅಲ್ಲಿನ ರಾತ್ರಿ ಎರಡು ಗಂಟೆ ಅಂದರೆ ನಮ್ಮಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆ, ಬೇಸಿಗೆಯಲ್ಲಿ ಎರಡೂವರೆ. ಕ್ಲೌಡ್‌ಗೆ ಹೋದ ಮೇಲೆ ಯುಟಿಸಿಯ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಕಾಟ: ರಾತ್ರಿ ಎರಡರ ಜಾಬ್ ಬೆಳಿಗ್ಗೆ ಏಳೂವರೆಗೆ ಓಡುತ್ತದೆ, ಬ್ಯಾಂಕ್ ಶಾಖೆ ತೆರೆಯುವ ಹೊತ್ತಿಗೆ ಟೇಬಲ್‌ಗಳೆಲ್ಲ ಲಾಕ್.

ಬೇರೆ ಡೇಟಾಬೇಸ್‌ನವರಿಗೂ ಎರಡು ಮಾತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಜಾಬ್ ಓಡಿಸುವುದು ಏಜೆಂಟ್ ಅನ್ನೋ ಪ್ರತ್ಯೇಕ ಸರ್ವೀಸ್. ಅದು ಮ್ಯಾನುಯಲ್ ಸ್ಟಾರ್ಟ್‌ನಲ್ಲಿದ್ದರೆ ರೀಬೂಟ್ ಆದ ಮೇಲೆ ಡೇಟಾಬೇಸ್ ಏಳುತ್ತದೆ, ಏಜೆಂಟ್ ಏಳಲ್ಲ. ಜಾಬ್‌ನ ಓನರ್ ಕೆಲಸ ಬಿಟ್ಟು ಹೋಗಿ ಅವರ ಲಾಗಿನ್ ತೆಗೆದುಹಾಕಿದ್ದರೂ ಜಾಬ್ ಫೇಲ್ ಆಗುತ್ತದೆ. ಮೈಎಸ್‌ಕ್ಯೂಎಲ್ 5.7ರಲ್ಲಿ ಜಾಬ್ ಓಡಿಸುವ ಇವೆಂಟ್_ಶೆಡ್ಯೂಲರ್ ಡೀಫಾಲ್ಟ್ ಆಫ್, 8.0ರಿಂದ ಆನ್. 5.7ರಲ್ಲಿ ಸುಮ್ನೆ ಕಮಾಂಡ್ ಕೊಟ್ಟು ಆನ್ ಮಾಡಿ ಕಾನ್ಫಿಗ್ ಫೈಲ್‌ನಲ್ಲಿ ಬರೆಯದಿದ್ದರೆ ರೀಸ್ಟಾರ್ಟ್ ಆದ ದಿನ ಮತ್ತೆ ಆಫ್.

ಕಾರಣ ಸಿಕ್ಕಿ ಸರಿಪಡಿಸಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಮೂರು ರಾತ್ರಿ ತಪ್ಪಿದ ಜಾಬ್ ಮೂರು ಸಲ ಓಡಲ್ಲ, ಒಂದು ಸಲ ಓಡುತ್ತದೆ. ಅದರ ಪ್ರೊಸೀಜರ್‌ನಲ್ಲಿ ನಿನ್ನೆಯ ತಾರೀಖು ಮಾತ್ರ ತೆಗೆದುಕೊಳ್ಳುವ ಹಾಗೆ ಬರೆದಿದ್ದರೆ ಉಳಿದ ಎರಡು ದಿನದ ಡೇಟಾ ಖಾಲಿಯೇ ಉಳಿಯುತ್ತದೆ, ಅದನ್ನು ತಾರೀಖು ಕೊಟ್ಟು ಬೇರೆಯಾಗಿ ಓಡಿಸಬೇಕು. ಇನ್ನು ಆ ಒಂದು ಸಲ ಓಡುವುದು ಯಾವಾಗ ಅಂದರೆ, ಹೊತ್ತು ಮೀರಿದ್ದರಿಂದ ತಕ್ಷಣ. ನೀವು ಬೆಳಿಗ್ಗೆ ಹನ್ನೊಂದಕ್ಕೆ ಜಾಬ್_ಕ್ಯೂ_ಪ್ರೋಸೆಸಸ್ ಅನ್ನು 0ಯಿಂದ 1000ಕ್ಕೆ ಏರಿಸಿದರೆ ಬಾಕಿ ಬಿದ್ದ ಅಷ್ಟೂ ಜಾಬ್ ಒಟ್ಟಿಗೆ ನುಗ್ಗುತ್ತವೆ, ಕೌಂಟರ್‌ನಲ್ಲಿ ಕೆಲಸ ಮಾಡುತ್ತಿರುವವರ ಸ್ಕ್ರೀನ್ ನಿಂತುಬಿಡುತ್ತದೆ. ಅದಕ್ಕೆ ಮೊದಲು ಭಾರವಾದ ಜಾಬ್‌ಗಳನ್ನು ಡಿಸೇಬಲ್ ಮಾಡಿ, ಪ್ಯಾರಾಮೀಟರನ್ನು 2ಕ್ಕೋ 3ಕ್ಕೋ ಇಟ್ಟು ಹಗುರವಾದವು ಮುಗಿಯಲು ಬಿಡಿ. ಭಾರವಾದವನ್ನು ಸಂಜೆ ಶಾಖೆ ಮುಚ್ಚಿದ ಮೇಲೆ ಒಂದೊಂದಾಗಿ ಎನೇಬಲ್ ಮಾಡಿ, ಎಲ್ಲ ಮುಗಿದ ಮೇಲೆ ಪ್ಯಾರಾಮೀಟರನ್ನು ಹಳೆಯ ಅಂಕಿಗೆ ವಾಪಸ್ ತನ್ನಿ.