ಗೇರ್ ಬಿಟ್ಟು ಓಡಿದ ಟ್ರೈನು

ಟೋಕಿಯೊದಿಂದ ಕೊಲ್ಲಿಯ ಅಂಚು ಹಿಡಿದು ಚಿಬಾ ಕಡೆಗೆ ಹೋಗುವ ಕೇಯೊ ಮಾರ್ಗದಲ್ಲಿ 2007ರ ಮಾರ್ಚ್‌ನಲ್ಲಿ ಒಂದು ವಿಚಿತ್ರ ಲೋಕಲ್ ಟ್ರೈನು ಓಡಾಟ ಶುರುಮಾಡಿತು. ಹೆಸರು ಇ331. ಜಪಾನಿನ ರೈಲು ಕಂಪನಿ ಜೆಆರ್ ಈಸ್ಟ್ ಮಾಡಿಸಿದ್ದು ಒಂದೇ ಒಂದು. 2014ರಲ್ಲಿ ಅದು ಗುಜರಿ ಸೇರಿತು.

ಇದರ ವಿಶೇಷ ಇದ್ದದ್ದು ಚಕ್ರಗಳ ನಡುವೆ. ಸುಮಾರು 86 ಸೆಂ.ಮೀ. ವ್ಯಾಸದ ರೈಲು ಚಕ್ರ ಗಂಟೆಗೆ 100 ಕಿ.ಮೀ. ವೇಗದಲ್ಲೂ ನಿಮಿಷಕ್ಕೆ 600 ಚಿಲ್ಲರೆ ಸುತ್ತು ಸುತ್ತುತ್ತದೆ, ಅಷ್ಟೇ. ಮಾಮೂಲಿ ಟ್ರೈನಿನ ಮೋಟಾರು ಅದರ ಆರೇಳು ಪಟ್ಟು ಜೋರಾಗಿ ತಿರುಗುತ್ತದೆ. ಗೇರ್ ಆ ವೇಗವನ್ನು ಇಳಿಸಿ, ತಿರುಗಿಸುವ ಬಲವನ್ನು ಹೆಚ್ಚಿಸಿ ಚಕ್ರಕ್ಕೆ ಕೊಡುತ್ತದೆ. ಗೇರ್ ಅಂದಮೇಲೆ ಸದ್ದು, ಎಣ್ಣೆ, ಸವೆತ ಇದ್ದದ್ದೇ. ಇ331ರಲ್ಲಿ ಗೇರನ್ನೇ ತೆಗೆದು, ಶಾಶ್ವತ ಅಯಸ್ಕಾಂತದ ಮೋಟಾರಿನಿಂದ ನೇರವಾಗಿ ಅಚ್ಚನ್ನು ತಿರುಗಿಸಿದರು. ಕೇಳೋಕೆ ಚೆಂದ. ಆದರೆ ನಿಧಾನವಾಗಿ ತಿರುಗುತ್ತಲೇ ಅಷ್ಟೂ ಬಲ ಕೊಡಬೇಕೆಂದರೆ ಮೋಟಾರು ದಪ್ಪ, ಭಾರ ಆಗಲೇಬೇಕು. ಸಾಲದ್ದಕ್ಕೆ ಒಂದೊಂದು ಮೋಟಾರಿಗೂ, ಅದಕ್ಕೆ ಬೇಕಾದಂತೆ ಕರೆಂಟನ್ನು ಬದಲಿಸಿ ಕೊಡುವ ಬೇರೆ ಬೇರೆ ಇನ್ವರ್ಟರ್.

ಇನ್ನೊಂದು ಸಾಹಸ ಬೋಗಿಗಳದ್ದು. ಸಾಮಾನ್ಯವಾಗಿ ಪ್ರತಿ ಬೋಗಿಯ ಕೆಳಗೆ ಚಕ್ರಗಳನ್ನು ಕೂರಿಸಿದ ಚೌಕಟ್ಟು ಎರಡು ಇರುತ್ತವೆ. 10 ಬೋಗಿಗೆ 20. ಇಲ್ಲಿ ಎರಡು ಬೋಗಿ ಸೇರುವ ಕಡೆ ಒಂದೇ ಚೌಕಟ್ಟು. ಪಾಲು ಹಂಚಿಕೊಂಡು ಕೂತರೆ ಬೋಗಿ ಗಿಡ್ಡ ಆಗಬೇಕು, ಇಲ್ಲದಿದ್ದರೆ ಹಳಿಯ ಮೇಲೆ ಭಾರ ಜಾಸ್ತಿಯಾಗುತ್ತದೆ. ಅದಕ್ಕೇ ನಡುವಿನ ಬೋಗಿಗಳು 13.4 ಮೀಟರ್, ಉಳಿದ ಲೋಕಲ್‌ಗಳದ್ದು 20 ಮೀಟರ್. ಏಳೇಳರ ಎರಡು ತಂಡ, ಒಟ್ಟು 14 ಬೋಗಿ, 16 ಚೌಕಟ್ಟು; ಉದ್ದ ಮಾತ್ರ ಮಾಮೂಲಿ 10 ಬೋಗಿಯ ಟ್ರೈನಿನಷ್ಟೇ. ನಾಲ್ಕು ಉಳಿಯಿತು, ನಿಜ. ಆದರೆ ಒಂದು ಬೋಗಿ ಕೆಟ್ಟರೆ ಅದೊಂದನ್ನೇ ಬಿಚ್ಚಿ ಪಕ್ಕಕ್ಕಿಡುವುದು ಸುಲಭವಲ್ಲ.

ಮತ್ತೆ ಬಾಗಿಲು! ಉದ್ದದ ಬೋಗಿಗೆ ನಾಲ್ಕು, ಇದಕ್ಕೆ ಮೂರು. ಜನ ಪ್ಲಾಟ್‌ಫಾರ್ಮಿನ ಗುರುತು ನೋಡಿ ಸಾಲು ನಿಲ್ಲುವ ಊರಿನಲ್ಲಿ, ಬಾಗಿಲು ಬೇರೆಲ್ಲೋ ಬಂದು ನಿಂತರೆ ಹೇಗೆ? ಒಡಾಕ್ಯು ಕಂಪನಿಯ ರೊಮ್ಯಾನ್ಸ್‌ಕಾರ್ ಎಂಬ ಎಕ್ಸ್‌ಪ್ರೆಸ್ ಟ್ರೈನುಗಳಲ್ಲಿ ಕೆಲವು 1957ರಿಂದ 2023ರವರೆಗೆ ಇಂಥ ಜೋಡಣೆಯಲ್ಲಿ ಓಡಿದವು, ಆದರೆ ಅಲ್ಲಿ ಸೀಟು ಮೊದಲೇ ಕಾದಿರಿಸಿರುತ್ತಾರೆ. ನೂಕುನುಗ್ಗಲಿನ ಲೋಕಲ್‌ನ ಕಥೆಯೇ ಬೇರೆ ಅಲ್ವಾ.

ಶುರುವಾದ ಕೆಲವೇ ವಾರಗಳಲ್ಲಿ ತೊಂದರೆ ಕಾಣಿಸಿ ಇ331 ನಿಂತಿತು. ಸರಿಮಾಡಿ ಬಿಟ್ಟರು, ಮತ್ತೆ ನಿಂತಿತು. ಓಡಿದಾಗಲೂ ಹೆಚ್ಚಾಗಿ ಶನಿವಾರ, ಭಾನುವಾರವೇ.

2015ರಲ್ಲಿ ಟೋಕಿಯೊದ ಯಾಮಾನೋತೆ ಮಾರ್ಗಕ್ಕೆ ಬಂದ, ಅದೇ ಕಂಪನಿಯ ಇ235 ಲೋಕಲ್‌ನಲ್ಲಿ ಅದೇ ಹಳೇ ಗೇರ್, 20 ಮೀಟರ್ ಬೋಗಿ, ನಾಲ್ಕು ಬಾಗಿಲು. ಶಾಶ್ವತ ಅಯಸ್ಕಾಂತದ ಮೋಟಾರು ಮಾತ್ರ ಟೋಕಿಯೊದಲ್ಲಿ ಬೇರೆ ಕಡೆ ನೆಲೆಯೂರಿದೆ. ಟೋಕಿಯೊ ಮೆಟ್ರೋದ ಗಿಂಜಾ ಮಾರ್ಗದ ಹಳದಿ ಟ್ರೈನುಗಳು ಅದರಿಂದಲೇ ಓಡುತ್ತವೆ, ಗೇರ್ ಇಟ್ಟುಕೊಂಡು.