ಅಕ್ಕಡಿ: ರಾಗಿ ಹೊಲದ ಬೇರೆ ಸಾಲು

ತುಮಕೂರು, ಕೋಲಾರ, ರಾಮನಗರದ ಕಡೆ ಕಾರ್ತಿಕ ಮಾಸದಲ್ಲಿ ರಾಗಿ ಹೊಲದ ಬದುವಿನ ಮೇಲೆ ನಿಂತರೆ, ತೆನೆ ಬಾಗಿದ ಪೈರಿನ ನಡುವೆ ಅಲ್ಲಲ್ಲಿ ಕಡು ಹಸಿರು ಗೆರೆ ಎಳೆದಂತೆ ಕಾಣುತ್ತದೆ. ಅವರೆಯೋ ತೊಗರಿಯೋ ಇರುತ್ತದೆ. ಆ ಸಾಲೇ ಅಕ್ಕಡಿ. ಕೃಷಿ ಪುಸ್ತಕಗಳು ಇದನ್ನು ‘ಅಂತರ ಬೆಳೆ’ ಎನ್ನುತ್ತವೆ. ತಪ್ಪಲ್ಲ, ಆದರೆ ಆ ಮಾತು ಜಾಗವನ್ನಷ್ಟೇ ಹೇಳುತ್ತದೆ. ಅಕ್ಕಡಿಯ ಜಾಣತನ ಇರುವುದು ಕಾಲದಲ್ಲಿ.

ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಅಕ್ಕಡಿ ಕಾಳಿಗೆ ಬೇರೆಯದೇ ಕೊಳವೆ, ಅದಕ್ಕೆ ಸಡ್ಡೆ ಎಂದು ಹೆಸರು. ಕೂರಿಗೆಯ ಹಿಂದೆ ಅದನ್ನು ಕಟ್ಟಿ, ಒಬ್ಬರು ಕಾಳು ಬಿಡುತ್ತಾ ಬರುತ್ತಾರೆ. ಎಂಟು ಸಾಲು ರಾಗಿಗೆ ಅವರೆಯಾದರೆ ಒಂದು ಸಾಲು, ತೊಗರಿಯಾದರೆ ಎರಡು ಎಂಬುದು ರೂಢಿಯ ಲೆಕ್ಕ. (ಹುಚ್ಚೆಳ್ಳು, ಸಾಸಿವೆ, ಹರಳು ಕೂಡ ಅಕ್ಕಡಿಗೆ ಬೀಳುತ್ತವೆ. ಅವು ದ್ವಿದಳ ಧಾನ್ಯಗಳಲ್ಲ ಎಂದು ರೈತರು ತಕರಾರು ತೆಗೆಯುವುದಿಲ್ಲ.)

ರಾಗಿ ಹೆಚ್ಚು ಕಡಿಮೆ ನಾಲ್ಕು ತಿಂಗಳ ಪೈರು. ತೊಗರಿ ಮೊದಮೊದಲು ಬಲು ನಿಧಾನ. ರಾಗಿ ಕೊಯ್ದಾದ ಮೇಲೆ ಬಿಸಿಲೂ ಜಾಗವೂ ಅದರದೇ. ಬೇರಿಗೂ ಜಗಳವಿಲ್ಲ: ರಾಗಿಯದು ಮೇಲ್ಮಣ್ಣಿನಲ್ಲಿ ಹರಡುತ್ತದೆ, ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ನಾಟಿ ಅವರೆಯಂತೂ ಹಗಲು ಕಿರಿದಾಗುವ ತನಕ ಹೂವನ್ನೇ ಬಿಡುವುದಿಲ್ಲ. ನೆಲದಲ್ಲಿ ಉಳಿದ ತೇವ, ಮಾಗಿಯ ಇಬ್ಬನಿ, ಇಷ್ಟರಲ್ಲೇ ಕಾಯಿ ಕಟ್ಟುತ್ತದೆ. ಡಿಸೆಂಬರಿನಲ್ಲಿ ಪೇಟೆಯವರು ಮೂಸಿ ನೋಡಿ ಕೊಳ್ಳುವ ಸೊಗಡಿನ ಅವರೆಕಾಯಿ ಇದೇ. ನಡುವೆ ಮಳೆ ಕೈಕೊಟ್ಟು ರಾಗಿ ಜೊಳ್ಳಾದರೂ, ತಡವಾಗಿ ಬಿದ್ದ ಒಂದು ಹದ ಮಳೆ ಅಕ್ಕಡಿಯನ್ನು ಉಳಿಸಬಹುದು.

ಸಾರಜನಕದ ವಿಷಯದಲ್ಲಿ ಮಾತ್ರ ಉತ್ಪ್ರೇಕ್ಷೆ ಕೇಳಿಬರುತ್ತದೆ. ಅವರೆ, ತೊಗರಿಗಳ ಬೇರುಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ನಿಜ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ಆದರೆ ಅದು ಪಕ್ಕದ ರಾಗಿಗೆ ಆಗಲೇ ಸಿಗುವುದು ಅಲ್ಪ. ಉದುರಿದ ಎಲೆ, ಕೊಳೆತ ಬೇರಿನ ಮೂಲಕ ಹೆಚ್ಚಿನ ಪಾಲು ದಕ್ಕುವುದು ಮುಂದಿನ ಬೆಳೆಗೆ.

ಮುದ್ದೆಯೂ ಅದರ ಜೊತೆಗಿನ ಸಾರೂ ಒಂದೇ ಹೊಲದಿಂದ ಬರುತ್ತಿದ್ದುದು ಹೀಗೆ. ಕುಡುಗೋಲು ಹಿಡಿದವರು ರಾಗಿ ಕೊಯ್ದು ಅಕ್ಕಡಿ ಸಾಲನ್ನು ಹಾಗೆಯೇ ಬಿಟ್ಟು ಮುಂದೆ ಸಾಗುತ್ತಿದ್ದರು. ಕಟಾವು ಯಂತ್ರಕ್ಕೆ ಆ ವಿವೇಚನೆ ಇಲ್ಲ. ಅದನ್ನು ನೆಚ್ಚಿಕೊಂಡವರು ಈಗ ಬರೀ ರಾಗಿ ಬಿತ್ತಿ, ಅವರೆಕಾಯಿಯನ್ನು ಸಂತೆಯಿಂದ ತರುತ್ತಾರೆ.